ಕರಿ ಕಾಗದ ಕಟ್ಟಿದ ಎಲೆ

ಹಿರೇಬೆಂಡಿಗೇರಿ, ೧೯೭೯

ವಿಜ್ಞಾನದ ಮಾಸ್ತರರಿಗೆ ನಮಸ್ಕಾರಗಳು.

ನಮ್ಮ ಮಗಳು ಕರೆವ್ವನ ಮಣ್ಣಿಗೆ ಬಂದು ಹೆಗಲು ಕೊಟ್ಟಿರಿ, ಉಪಕಾರವಾಯಿತು. ಜ್ವರ ಬರುವ ಮೊದಲು ಅವಳು, ನೀವು ಹೇಳಿದ ಪ್ರಯೋಗಕ್ಕೆಂದು, ಹಿತ್ತಲ ದಾಸವಾಳದ ಒಂದು ಎಲೆಗೆ ಕರಿ ಕಾಗದ ಕಟ್ಟಿದ್ದಳು. “ಎಲಿ ಬಿಸಲಾಗ ತನ್ನ ಅಡಿಗಿ ತಾನ ಮಾಡ್ಕೊಂತೈತಿ, ಅವ್ವಾ. ಕಾಗದ ಬಿಚ್ಚೂತನಕ ಇದಕ್ಕ ಉಪಾಸ,” ಎಂದು ನಕ್ಕಿದ್ದಳು.

ಈಗ ಆ ಎಲೆ ಹಳದಿಯಾಗಿದೆ. ಬಿಚ್ಚಲು ಹೋದರೆ ಅವಳ ತಾಯಿ, “ಕೂಸು ಕಟ್ಟೈತಿ, ಮುಟ್ಟಬ್ಯಾಡ್ರಿ,” ಎಂದು ಅಡ್ಡ ನಿಲ್ಲುತ್ತಾಳೆ. ತಾನೂ ಊಟ ಬಿಟ್ಟಿದ್ದಾಳೆ. ನನ್ನ ಮಾತು ಕೇಳುವುದಿಲ್ಲ. ಕರೆವ್ವ ನಿಮ್ಮ ಮಾತು ಮೀರುತ್ತಿರಲಿಲ್ಲವೆಂದು ಅವಳಿಗೆ ಗೊತ್ತು. ಎಲೆ ಉದುರುವುದರೊಳಗೆ ಬಂದು, ಪ್ರಯೋಗ ಮುಗಿಯಿತೆಂದು ನೀವೇ ಅವಳಿಗೆ ಹೇಳಿರಿ.

ಇಂತಿ,
ಕರೆವ್ವನ ಅಪ್ಪ ಗಿರಿಯಪ್ಪ