ಜೇಜಿಯನ್ನು ಒಳಗೆ ಕರೆಯಿರಿ

ಬಳ್ಳಾರಿ
ಫೆಬ್ರವರಿ ಮೂವತ್ತು, ೨೧೭೮

ಉಷಾರಾಣಿ ಅಮ್ಮನವರಿಗೆ ಗೊರವಂಕಳ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ತಮಾಷೆ ಮಾಡಿದ್ದಾರೆ ಎಂದು ಕಾಗದ ಮಡಚಿಡಬೇಡಿ. ನಮ್ಮ ಕಾಲದಲ್ಲಿ ಕ್ಯಾಲೆಂಡರನ್ನು ತಿದ್ದಿ, ಫೆಬ್ರವರಿಗೂ ಉಳಿದ ತಿಂಗಳುಗಳಷ್ಟೇ ಮರ್ಯಾದೆ ಕೊಟ್ಟಿದ್ದಾರೆ. ನನ್ನ ಹೆಸರಿಗೂ ನಗಬೇಡಿ. ಮಕ್ಕಳಿಗೆ ಹಕ್ಕಿಗಳ ಹೆಸರಿಡುವುದು ಈಗಿನ ರೂಢಿ. ನನ್ನ ತಮ್ಮನ ಹೆಸರು ಮರಕುಟಿಗ, ಅವನ ಕಷ್ಟ ಅವನಿಗೇ ಗೊತ್ತು. ನಿಮ್ಮ ಮಗಳು ಹರಿಪ್ರಿಯ ನನ್ನ ಅಜ್ಜಿಯ ಅಜ್ಜಿ. ಆ ಲೆಕ್ಕದಲ್ಲಿ ನೀವು ನನಗೆ ಏನಾಗಬೇಕು ಎಂಬುದಕ್ಕೆ ನಮ್ಮಲ್ಲೂ ಪದವಿಲ್ಲ, ಆದ್ದರಿಂದ ಅಮ್ಮ ಎಂದೇ ಕರೆಯುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ಕಷ್ಟಪಟ್ಟು ಕಲಿತು ಬರೆಯುತ್ತಿದ್ದೇನೆ, ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಜಕ್ಕೂ ನಾನು ನಿಮಗೆ ತೆಲುಗಿನಲ್ಲಿ ಬರೆಯಬೇಕಿತ್ತು. ನನಗೆ ತೆಲುಗು ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಹೇಳುವುದಕ್ಕೇ ಈ ಕಾಗದ.

ಇದನ್ನು ನಿಮಗೆ ತಲುಪಿಸಿದ್ದು ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಕಾಗದ ಮುಟ್ಟಿಸುವ ಇಲಾಖೆ. ಇಲಾಖೆ ಎಂದ ಮೇಲೆ ಅಲ್ಲಿಯೂ ಕ್ಯೂ ಇದೆ, ಊಟದ ಹೊತ್ತಿಗೆ ಸರಿಯಾಗಿ ಮುಚ್ಚುವ ಕಿಟಕಿ ಇದೆ. ಯಾವ ಜಾಗದ ಬೆಲೆ ಏರುತ್ತದೆ, ಯಾರು ಚುನಾವಣೆ ಗೆಲ್ಲುತ್ತಾರೆ, ಯಾರು ಯಾವಾಗ ಸಾಯುತ್ತಾರೆ ಎಂದು ಬರೆದರೆ ಅವರು ಒಪ್ಪುವುದಿಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ತಮ್ಮ ಬಾಲ್ಯಕ್ಕೇ ಬರೆದುಕೊಂಡು ಬುದ್ಧಿ ಹೇಳಿಕೊಳ್ಳುತ್ತಾರೆ. ನನ್ನ ಪಾಲಿನದನ್ನು ನಾನು ನಿಮಗೆಂದು ಎತ್ತಿಟ್ಟುಕೊಂಡಿದ್ದೆ.

ನಿಮ್ಮ ಮನೆಯ ಸಂಗತಿ ನನಗೆ ತಿಳಿದಿದೆ ಎಂದು ನಂಬಿಕೆ ಬರಲೆಂದು, ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಮೂರನೆಯ ಕ್ಲಾಸಿನ ಹರಿಪ್ರಿಯಳಿಗೆ ಓದು ಹತ್ತುತ್ತಿಲ್ಲ, ಪರೀಕ್ಷೆ ಮಾಡಿಸಿ ಎಂದು ಶಾಲೆಯವರು ಹೇಳಿದರು. ನೀವು ಮನೆಯಲ್ಲೇ ಜೀನ್ಸ್ ಹೊಲಿಯುವ ಕೆಲಸವನ್ನು ಒಂದು ದಿನ ಬಿಟ್ಟು ಅವಳನ್ನು ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೋದಿರಿ. ಅಲ್ಲಿಯ ಮೇಡಂ ಒಳ್ಳೆಯವರೇ. ಮಗುವಿಗೆ ಬಿಸ್ಕತ್ತು ಕೊಟ್ಟು, ತಾಳ್ಮೆಯಿಂದ ಕನ್ನಡದಲ್ಲಿ ಕೇಳಿದರು, ಇಂಗ್ಲಿಷಿನಲ್ಲಿ ಕೇಳಿದರು. ತೆಲುಗು ಆಡುವ ಮನೆಯ ಹುಡುಗಿ ಚಿತ್ರಗಳನ್ನು ನೋಡುತ್ತ ಎಷ್ಟೋ ಪ್ರಶ್ನೆಗೆ ಸುಮ್ಮನೆ ಕುಳಿತಳು. ಓದಿನ ತೊಂದರೆ ಇದೆ, ಬುದ್ಧಿಯೂ ಕಡಿಮೆ ಎಂದು ಫಲಿತಾಂಶ ಬಂತು. ಎರಡು ಭಾಷೆ ಸೇರಿ ಮಗುವಿಗೆ ಗೊಂದಲವಾಗಿದೆ, ಇನ್ನು ಮೇಲೆ ಮನೆಯಲ್ಲಿ ಕನ್ನಡ ಒಂದನ್ನೇ ಆಡಿ ಎಂದು ಹೇಳಿ ಕಳಿಸಿದರು. ನೀವು ತಲೆಯಾಡಿಸಿ ಬಂದಿರಿ. ಮಗಳಿಗೆ ಒಳ್ಳೆಯದಾಗುತ್ತದೆ ಎಂದರೆ ನೀವು ನಾಲಿಗೆಯನ್ನೇ ಕಿತ್ತು ಕೊಡುವವರು ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಏಳನೆಯವರೆಗೆ ಕನ್ನಡ ಶಾಲೆಗೆ ಹೋದವರು. ನಿಮ್ಮ ಕನ್ನಡ ಓದುವುದಕ್ಕೆ, ತರಕಾರಿ ಚೌಕಾಸಿಗೆ, ಆಟೋದವನ ಜೊತೆ ಜಗಳಕ್ಕೆ ಧಾರಾಳ ಸಾಕು. ಆದರೆ ಅಳುವ ಮಗುವನ್ನು ಸಮಾಧಾನ ಮಾಡುವುದು ನಿಮಗೆ ತೆಲುಗಿನಲ್ಲಿ ಮಾತ್ರ ಬರುತ್ತದೆ. ಈಗ ಅವಳು ಅತ್ತರೆ, ಅಳಬಾರದು ಎಂದು ಪಾಠದ ಪುಸ್ತಕದ ಹಾಗೆ ಒಂದು ಮಾತು ಹೇಳಿ, ಮುಂದೇನು ಹೇಳಬೇಕೋ ತಿಳಿಯದೆ ಹೋಗಿ ಮಷಿನ್ ಮುಂದೆ ಕೂರುತ್ತೀರಿ.

ಇನ್ನು ನಿಮ್ಮ ಅತ್ತೆ ಸುಂಕಲಮ್ಮನವರು, ಹರಿಪ್ರಿಯಳ ಜೇಜಿ. ಅವರಿಗೆ ಕನ್ನಡವೇ ಬಾರದು. ಹೊಲಿದ ಪ್ಯಾಂಟುಗಳ ರಾಶಿಯ ಪಕ್ಕ ಕುಳಿತು, ಉಳಿದ ದಾರದ ತುದಿಗಳನ್ನು ಕತ್ತರಿಸುತ್ತ ಅವರು ಕಥೆ ಹೇಳುವುದು, ಮೊಮ್ಮಗಳು ಗುಂಡಿಗಳನ್ನು ವಿಂಗಡಿಸುತ್ತ ಕೇಳುವುದು, ಇದು ನಿಮ್ಮ ಮನೆಯ ಸಂಜೆಯಾಗಿತ್ತು. ನಿನ್ನೆ ಹೇಳಿದ ಕಥೆಯಲ್ಲಿ ಜೇಜಿ ಒಂದು ಎಳೆ ಬಿಟ್ಟರೆ ಇವತ್ತು ಹಿಡಿದು ಕೇಳುತ್ತಿದ್ದ ಹುಡುಗಿ ಅವಳು. ಅವಳಿಗೆ ಬುದ್ಧಿ ಕಡಿಮೆಯಂತೆ! ಮೇಡಂ ಹೇಳಿದ್ದನ್ನು ನೀವು ಬಂದು ಅತ್ತೆಗೆ ತಿಳಿಸಿದ ಮೇಲೆ, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಅವರು ಎದ್ದು ಹೋಗಿ ಎದುರುಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದಾರೆ. ತನ್ನ ಮಾತು ಕಿವಿಗೆ ಬಿದ್ದರೆ ಮಗುವಿನ ಓದು ಕೆಡುತ್ತದೆ ಎಂದು ಆ ಜೀವ ನಂಬಿದೆ. ಮಗು ಮಲಗುವವರೆಗೂ ಒಳಗೆ ಬರುವುದಿಲ್ಲ.

ನೀವು ಇಷ್ಟನ್ನು ಬಲ್ಲಿರಿ. ನೀವು ಅರಿಯದ್ದು ಹರಿಪ್ರಿಯಳ ಮನಸ್ಸು. ಅವಳು ಇದನ್ನು ತನ್ನ ಮುದಿವಯಸ್ಸಿನಲ್ಲಿ, ನನ್ನ ಅಜ್ಜಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಂಟು ವರ್ಷದ ಹುಡುಗಿಯ ದನಿಯಲ್ಲೇ ಹೇಳಿದಳಂತೆ:

"ನನಗ ಓದಾಕ ಬರಲ್ಲ ಅಂತ ಜೇಜಿ ನನ್ ಕೂಡ ಮಾತು ಬಿಟ್ಟಾಳ."

ನಿಮ್ಮ ಮನೆಯಲ್ಲಿ ಯಾರೂ ಅವಳಿಗೆ ಕಾರಣ ಹೇಳಿಲ್ಲ. ಮಗುವಿಗೆ ಏನು ತಿಳಿಯುತ್ತದೆ ಎಂದುಕೊಂಡಿರಿ. ಅವಳು ತನಗೆ ತಿಳಿದ ಕಾರಣವನ್ನು ತಾನೇ ಕಟ್ಟಿಕೊಂಡಳು. ದೊಡ್ಡವಳಾದ ಮೇಲೆ ನಿಮ್ಮಿಂದಲೇ ನಿಜ ಗೊತ್ತಾಯಿತು, ಆದರೆ ಅಷ್ಟರಲ್ಲಿ ತೆಲುಗು ಆಡಲು ಹೋದರೆ ಬಾಯಿಗೆ ಕನ್ನಡವೇ ಬರುತ್ತಿತ್ತಂತೆ. ತನ್ನ ಮಕ್ಕಳಿಗೆ ಅವಳು ಆ ಭಾಷೆಯ ಒಂದು ಪದವನ್ನೂ ಕೊಡಲಿಲ್ಲ.

ನನ್ನ ಉದ್ಯೋಗವನ್ನು ಹೇಳಿದರೆ ನಿಮಗೆ ಸ್ವಲ್ಪ ಧೈರ್ಯ ಬರಬಹುದು. ಅದನ್ನು ಕೂಡುನೋಟ ಎನ್ನುತ್ತೇವೆ. ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವಿನ ಮನೆಗೆ ಇಬ್ಬರು ಹೋಗುತ್ತೇವೆ, ಒಬ್ಬರು ಪರೀಕ್ಷೆ ಬಲ್ಲವರು, ಇನ್ನೊಬ್ಬರು ಆ ಮನೆಯ ಮಾತು ಬಲ್ಲವರು. ಬಳ್ಳಾರಿಯ ಬಿಸಿಲಿಗೆ ಈಗ ಮಧ್ಯಾಹ್ನ ಊರೇ ಮಲಗುತ್ತದೆ, ಶಾಲೆ ಅಂಗಡಿ ಎಲ್ಲ ನಸುಕಿಗೇ ತೆರೆಯುತ್ತವೆ; ಹಾಗಾಗಿ ನಾವು ಹೋಗುವುದು ಮನೆಯವರೆಲ್ಲ ನೆರಳಿಗೆ ಬಂದು ಒಟ್ಟಿಗೆ ಕೂರುವ ಹೊತ್ತಿಗೆ. ಮಗು ಒಂದಕ್ಕೆ ಕನ್ನಡದಲ್ಲಿ, ಇನ್ನೊಂದಕ್ಕೆ ತೆಲುಗಿನಲ್ಲಿ, ಮತ್ತೊಂದಕ್ಕೆ ಎರಡನ್ನೂ ಕಲಸಿ ಉತ್ತರ ಹೇಳಬಹುದು. ಅದಕ್ಕೆ ಕಲಸುಮಾತು ಎಂದು ಹೆಸರು, ಅಂಕ ಕಳೆಯುವುದಿಲ್ಲ. ಗೊತ್ತಿರುವುದನ್ನು ಕೇಳುವುದರ ಜೊತೆಗೆ ಹೊಸದೊಂದನ್ನು ಕಲಿಸಿ, ಮಗು ಅದನ್ನು ಹೇಗೆ ಹಿಡಿಯುತ್ತದೆ ಎಂದೂ ನೋಡುತ್ತೇವೆ. ತಡವರಿಕೆ ಒಂದೇ ಭಾಷೆಯಲ್ಲಿದ್ದರೆ ಬಹುತೇಕ ಆ ಭಾಷೆಯ ಬಳಕೆ ಸಾಲದು ಎಂದು ಅರ್ಥ. ಎರಡರಲ್ಲೂ ಇದ್ದರೆ ಮಗುವಿಗೆ ಬೇರೆಯೇ ನೆರವು ಬೇಕು. ಕೆಲಸ ಸುಲಭವೇನಲ್ಲ. ಮಗುವಿನ ಬದಲು ಉತ್ತರ ಹೇಳಲು ಹಾತೊರೆಯುವ ಅಜ್ಜಂದಿರನ್ನು ಸುಮ್ಮನಿರಿಸುವುದರಲ್ಲೇ ನಮ್ಮ ಅರ್ಧ ಶಕ್ತಿ ಹೋಗುತ್ತದೆ.

ಹರಿಪ್ರಿಯಳಿಗೆ ಓದಿನ ತೊಂದರೆ ಇರುವುದು ನಿಜ, ಆ ಮಟ್ಟಿಗೆ ಮೇಡಂ ಹೇಳಿದ್ದು ಸರಿ. ಅದು ನನಗೂ ಬಂದಿದೆ. ಒತ್ತಕ್ಷರ ಕಂಡರೆ ಇವತ್ತಿಗೂ ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತೇನೆ. ಈ ಕಾಗದವನ್ನು ಬರೆದು, ಓದಿ, ತಿದ್ದಿ ಸುಸ್ತಾಗಿದ್ದೇನೆ. ಅಕ್ಷರಕ್ಕೂ ಸದ್ದಿಗೂ ನಿಧಾನವಾಗಿ ಗಂಟು ಹಾಕಿಸುವ ಟೀಚರು ಅವಳಿಗೆ ಬೇಕು. ಅಂಥವರನ್ನು ಹುಡುಕಿ. ತೆಲುಗು ಬಲ್ಲವರನ್ನು ಕೂರಿಸಿಕೊಂಡು ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಮೇಡಂ ಅವರನ್ನೇ ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಈ ತೊಂದರೆಯನ್ನು ತೆಲುಗು ತಂದದ್ದಲ್ಲ, ತೆಲುಗು ಬಿಟ್ಟರೆ ಅದು ಹೋಗುವುದೂ ಇಲ್ಲ. ಇದನ್ನು ನಾನು ನಿಮ್ಮ ಕೈಹಿಡಿದು ಹೇಳಬೇಕು ಎಂದು ಎಷ್ಟೋ ಸಲ ಅನ್ನಿಸಿದೆ.

ಜೇಜಿಯ ವಿಷಯದಲ್ಲಿ ಇನ್ನೂ ಒಂದಿದೆ. ಅದನ್ನು ಬರೆದರೆ ಹಿಂದಂಚೆಯವರು ಈ ಕಾಗದವನ್ನೇ ತಡೆಯುತ್ತಾರೆ. ಇಷ್ಟು ಬರೆಯಬಹುದು: ಹರಿಪ್ರಿಯಳ ಶಾಲೆಯ ಪರೀಕ್ಷೆ ಮುಗಿಯಲಿ, ಬೇಸಿಗೆ ರಜೆ ಬರಲಿ ಎಂದು ಮುಂದೂಡಬೇಡಿ. ಇವತ್ತೇ, ಬೆಳಕಿರುವಾಗಲೇ ಎದುರುಮನೆಗೆ ಹೋಗಿ ಅವರನ್ನು ಕರೆದುಕೊಂಡು ಬನ್ನಿ. ಮಗಳ ಎದುರಿಗೇ, ತೆಲುಗಿನಲ್ಲೇ ಕರೆಯಿರಿ.

ನೀವು ಕರೆದರೆ ನಾನು ಕೇಳಿ ಬೆಳೆದ ಕಥೆ ಇಲ್ಲದಂತಾಗುತ್ತದೆ, ಈ ಕಾಗದ ಬರೆದದ್ದೂ ನನಗೆ ನೆನಪಿರುವುದಿಲ್ಲ. ಹಾಗೆಂದು ಹಿಂದಂಚೆಯವರು ಮೊದಲೇ ತಿಳಿಸಿದ್ದಾರೆ, ಒಪ್ಪಿದ್ದೇನೆ. ನನಗೊಬ್ಬಳು ಪುಟ್ಟ ಮಗಳಿದ್ದಾಳೆ, ದಿನಕ್ಕೊಮ್ಮೆಯಾದರೂ ಎಲ್ಲಾದರೂ ಬಿದ್ದು ಅಳುತ್ತಾಳೆ. ನಾಳೆ ಅವಳನ್ನು ಎತ್ತಿಕೊಂಡಾಗ ನನ್ನ ಬಾಯಿಗೆ ತಾನಾಗಿ ತೆಲುಗು ಬಂದರೆ, ಅದು ಯಾರು ಕೊಟ್ಟದ್ದೆಂದು ನನಗೆ ಗೊತ್ತಾಗುವುದಿಲ್ಲ. ಅವಳು ಅಳು ನಿಲ್ಲಿಸುತ್ತಾಳೆ, ಅಷ್ಟೇ ಗೊತ್ತಾಗುತ್ತದೆ.

ನಿಮ್ಮ ಮನೆಯ ಹುಡುಗಿ,
ಗೊರವಂಕ