ಹಾಟ್‌ಸ್ಪಾಟ್ ಕಡಿದ ಮಧ್ಯಾಹ್ನ

೨ ಆಗಸ್ಟ್ ೨೦೨೧, ಸೋಮವಾರ

ಒಂಬತ್ತೂವರೆ. ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಅಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್. ಹಾಟ್‌ಸ್ಪಾಟ್ ಆನ್. ಲ್ಯಾಪ್‌ಟಾಪ್ ಮೇಜಿನ ಈ ತುದಿಯಲ್ಲೇ ಇರಬೇಕು, ಸರಿಸಿದರೆ ಕಡಿಯುತ್ತದೆ. ಆರೋಗ್ಯ ಉಪಕೇಂದ್ರಕ್ಕೆ ಲ್ಯಾಪ್‌ಟಾಪ್ ಕೊಟ್ಟರು, ಇಂಟರ್‌ನೆಟ್ ಕೊಡಲಿಲ್ಲ. ಕಚೇರಿಯಲ್ಲಿ ಕೇಳಿದ್ದಕ್ಕೆ, "ನಿಮ್ ಮೊಬೈಲ್ ಐತಲ್ರಿ ಸಿಸ್ಟರ್, ಅದನ್ನ ಹಚ್ಚಿಕೊಳ್ರಿ" ಎಂದರು.

ದಿನಕ್ಕೆ ಹತ್ತು ರೋಗಿಗಳನ್ನು ದೂರದ ಡಾಕ್ಟರಿಗೆ ವಿಡಿಯೋದಲ್ಲಿ ತೋರಿಸಬೇಕು. ಟಾರ್ಗೆಟ್. ಇವತ್ತು ಆರು ಆಯಿತು. ಏಳನೆಯದರ ನಡುವೆ ಸೈದಾಪುರದಿಂದ ಅವ್ವನ ಫೋನ್. ಕರೆ ಬಂದರೆ ಈ ಮೊಬೈಲಿನಲ್ಲಿ ನೆಟ್ ನಿಲ್ಲುತ್ತದೆ. ಸ್ಕ್ರೀನಿನ ಮೇಲೆ ಡಾಕ್ಟರ್ ಬಾಯಿ ತೆರೆದುಕೊಂಡೇ ನಿಂತುಬಿಟ್ಟರು. ಆಶಾ ಕಾರ್ಯಕರ್ತೆ ಮಲಕಮ್ಮ ನಕ್ಕಳು. "ನಿಮ್ಮವ್ವ ಡಾಕ್ಟರ್ ಬಾಯಾಗ ಕಡಬು ಇಟ್ಟಂಗ ಆತು ನೋಡ್ರಿ ಅಕ್ಕೋರ!"

ನಾಲ್ಕರ ತನಕ ಫೋನ್ ಮಾಡಬೇಡ ಎಂದು ಅವ್ವನಿಗೆ ಹೇಳಿದೆ. ಬೇಜಾರು ಮಾಡಿಕೊಂಡಳು.

೫ ಆಗಸ್ಟ್, ಗುರುವಾರ

ಸುಗಲಮ್ಮ ಬಂದಿದ್ದಳು. ಇಪ್ಪತ್ತೆರಡು ವರ್ಷ, ಚೊಚ್ಚಲು, ಎಂಟು ತಿಂಗಳು. ಕಾಲುವೆಯಾಚೆ ಭತ್ತದ ನಾಟಿಗೆ ಹೋಗುತ್ತಾಳೆ. ದಿನವಿಡೀ ಕೆಸರಲ್ಲಿ ಬಗ್ಗಿ ನಿಲ್ಲುವ ಕೆಲಸ. ಪಾದ ಊದಿವೆ — ಹೆಬ್ಬೆರಳು ಒತ್ತಿದರೆ ಕುಳಿ. ಬಿಪಿ ೧೫೦/೧೦೦. ವಿಡಿಯೋದಲ್ಲಿ ಡಾಕ್ಟರ್ ಮಾತ್ರೆ ಬರೆದರು. ನಾಳೆಯೇ ಶಹಾಪುರದ ಆಸ್ಪತ್ರೆಗೆ ಹೋಗಿ ತೋರಿಸಲಿ ಎಂದರು.

"ಐತವಾರ ನಾಟಿ ಮುಗಿತೈತ್ರಿ ಅಕ್ಕೋರ. ಆಮ್ಯಾಲ ಹೋಗ್ತೀನಿ."

"ಕಾಯಬ್ಯಾಡ ತಂಗಿ. ತಲಿ ಸಿಡದ್ರ, ಕಣ್ಣು ಮಂಜಾದ್ರ ಹಂಗ ಓಡಿ ಬಾ."

"ಈ ಹೊಟ್ಟಿ ಹೊತ್ಕೊಂಡು ಓಡೋದು ಹ್ಯಾಂಗ್ರಿ?" — ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ.

೧೧ ಆಗಸ್ಟ್

ಸುಗಲಮ್ಮನನ್ನು ಯಾದಗಿರಿ ಆಸ್ಪತ್ರೆಗೆ ಒಯ್ದರು. ಬರೆಯಲು ಆಗುತ್ತಿಲ್ಲ.

೧೪ ಆಗಸ್ಟ್, ಶನಿವಾರ

ನಿನ್ನೆ ಬೆಳಿಗ್ಗೆ ತೀರಿಕೊಂಡಳು. ಮಗು ಬದುಕಿದೆ. ಹೆಣ್ಣು.

ಬುಧವಾರ ಆದದ್ದನ್ನು ಆದಹಾಗೆ ಬರೆದಿಡಬೇಕು.

ಎರಡೂಕಾಲು ಇರಬೇಕು. ಗಂಡ ಅಂಬ್ರಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ತಳ್ಳುತ್ತ ತಂದ. ಮೈಮೇಲೆಲ್ಲ ಗದ್ದೆಯ ಕೆಸರು; ನಾಟಿ ಮುಗಿದಿರಲಿಲ್ಲ, ಶಹಾಪುರಕ್ಕೂ ಹೋಗಿರಲಿಲ್ಲ. "ಕಣ್ಣು ಕಾಣಸವಲ್ದು ಅಂತಾಳ್ರಿ…" ಬಿಪಿ ೧೮೦/೧೧೦. ಮಂಚದ ಮೇಲೆ ಮಲಗಿಸುವಷ್ಟರಲ್ಲಿ ಮೊದಲ ಫಿಟ್ಸ್.

ಲ್ಯಾಪ್‌ಟಾಪ್ ತಿರುಗಿಸಿ ಡಾಕ್ಟರಿಗೆ ಕರೆ ಹಚ್ಚಿದೆ. ಸಿಕ್ಕರು. ಬಿಪಿ ಹೇಳಿದೆ, ಫಿಟ್ಸ್ ಬಂದದ್ದು ಹೇಳಿದೆ. ಅವರೇನೋ ಕೇಳುತ್ತಿದ್ದರು. ಆದರೆ ಆಂಬುಲೆನ್ಸಿಗೂ ಫೋನ್ ಮಾಡಬೇಕು. ಇರುವುದು ಒಂದೇ ಮೊಬೈಲ್. ಮಲಕಮ್ಮನದು ಮಗಳ ಆನ್‌ಲೈನ್ ಕ್ಲಾಸಿಗೆಂದು ಮನೆಯಲ್ಲಿ. ಅಂಬ್ರಪ್ಪನಿಗೆ ಮೊಬೈಲೇ ಇಲ್ಲ.

ಸರಳಿನಿಂದ ಮೊಬೈಲ್ ಬಿಚ್ಚಿ ಆಂಬುಲೆನ್ಸಿಗೆ ಹಚ್ಚಿದೆ. ಡಾಕ್ಟರ್ ಕಡಿದುಹೋದರು. ಅತ್ತ ಕಡೆಯವರು ಊರು ಕೇಳಿದರು, ಹೆಸರು ಕೇಳಿದರು, ಎಷ್ಟನೇ ತಿಂಗಳು ಕೇಳಿದರು. ಐದು ನಿಮಿಷ. ಮತ್ತೆ ಹಾಟ್‌ಸ್ಪಾಟ್, ಮತ್ತೆ ಲಾಗಿನ್. ಡಾಕ್ಟರ್ ಬೇರೆ ರೋಗಿಯೊಂದಿಗೆ ಇದ್ದಾರೆ, ಕಾಯಿರಿ ಎಂದು ಬಂತು. ಎರಡನೇ ಫಿಟ್ಸ್.

ಇಂಜೆಕ್ಷನ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟಿದ್ದೆ. ಡಾಕ್ಟರ್ ಹೇಳಲಿ ಎಂದು ಕಾದೆ.

ಡಾಕ್ಟರ್ ಬಂದರು. "ಸಿಸ್ಟರ್, ಫಿಟ್ಸಿನ ಇಂಜೆಕ್ಷನ್ ಕೊಟ್ಟಿದೀರಾ—" ಅಷ್ಟರಲ್ಲಿ ಮೊಬೈಲ್ ಹೊಡೆದುಕೊಂಡಿತು. ಆಂಬುಲೆನ್ಸ್ ಡ್ರೈವರ್. "ಕಾಲುವಿ ದಂಡಿ ರಸ್ತಾದಾಗ ಗಾಡಿ ಬರತೈತೇನ್ರಿ, ಇಲ್ಲ ಬ್ರಿಜ್ ಸುತ್ತಿ ಬರಬೇಕಾ?" ನೀರು ಬಿಟ್ಟಾಗಿನಿಂದ ದಂಡೆ ಕುಸಿದಿದೆ. ಸುತ್ತಿ ಬರ್ರಿ ಎಂದೆ. ಸ್ಕ್ರೀನಿನ ಮೇಲೆ ಸಣ್ಣ ಚಕ್ರ ತಿರುಗುತ್ತಲೇ ಇತ್ತು.

ಮೂರನೇ ಫಿಟ್ಸ್. ಮಲಕಮ್ಮ ನಾಲಿಗೆ ಕಚ್ಚದಂತೆ ತಲೆ ಹೊರಳಿಸಿ ಹಿಡಿದಿದ್ದಳು. "ಅಕ್ಕೋರ, ಏನರ ಮಾಡ್ರಿ! ಆ ಡಬ್ಬಿ ಏನ್ ನೋಡ್ತೀರಿ!" — ಡಬ್ಬಿ ಎಂದದ್ದು ಲ್ಯಾಪ್‌ಟಾಪಿಗೆ. ನಾನು ಅದನ್ನೇ ನೋಡುತ್ತಿದ್ದೆ.

ಗಾಡಿ ಬಂದದ್ದು ಮೂರಕ್ಕೆ. ಮೇಲೆ ಹತ್ತಿಸಿದ ಕೂಡಲೇ ಅದರ ನರ್ಸ್ ಇಂಜೆಕ್ಷನ್ ಹಾಕಿದ. ಒಂದು ಮಾತು ಕೇಳಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಸೊಂಟದ ಎರಡೂ ಬದಿಗೆ ಹಾಕಿದ.

೧೮ ಆಗಸ್ಟ್, ಬುಧವಾರ

ಕಚೇರಿಯಿಂದ ನೋಟಿಸ್ ಬಂದಿದೆ. "ದಿನಾಂಕ ೧೧ರಂದು ಮಧ್ಯಾಹ್ನ ೨.೨೪ಕ್ಕೆ ಸಮಾಲೋಚನೆಯು ತಮ್ಮ ಕಡೆಯಿಂದ ಕೊನೆಗೊಂಡಿದೆ. ಮೂರು ದಿನದೊಳಗೆ ಸಮಜಾಯಿಷಿ ನೀಡುವುದು." ಎಲ್ಲವೂ ಅವರ ಕಂಪ್ಯೂಟರಿನಲ್ಲಿ ಬಿದ್ದಿದೆ, ನಿಮಿಷ ಸಹಿತ.

ಕಚೇರಿಯ ಕ್ಲರ್ಕ್ ಲಿಂಗಣ್ಣನವರಿಗೆ ಫೋನ್ ಮಾಡಿದೆ. "ನೆಟವರ್ಕ್ ಅಂತ ಒಂದ ಮಾತು ಬರದು ಕಳಸಿಬಿಡ್ರಿ ಸಿಸ್ಟರ್. ಟವರ್ ಮ್ಯಾಲ ಯಾರ್ ಕೇಸ್ ಹಾಕ್ತಾರ?"

೨೦ ಆಗಸ್ಟ್

ಬರೆದು ಕಳಿಸಿದೆ. ನೆಟ್‌ವರ್ಕ್ ಸಮಸ್ಯೆಯಿಂದ ಸಂಪರ್ಕ ಕಡಿತವಾಯಿತು. ಸುಳ್ಳಲ್ಲ.

ಸುಳ್ಳಲ್ಲ, ಆದರೆ… ಟ್ರೇನಿಂಗಿನಲ್ಲಿ ಕಲಿಸಿದ್ದರು. ಗರ್ಭಿಣಿಗೆ ಫಿಟ್ಸ್ ಬಂದರೆ ಮೊದಲ ಡೋಸ್ ನೀವೇ ಹಾಕಿ, ಯಾರನ್ನೂ ಕೇಳುತ್ತ ನಿಲ್ಲಬೇಡಿ, ಆಮೇಲೆ ಕಳಿಸಿ. ಗೊಂಬೆಯ ಮೇಲೆ ಎರಡು ಸಲ ಹಾಕಿ ತೋರಿಸಿದ್ದೆ. ಶಭಾಷ್ ಎಂದಿದ್ದರು. ನಿಜವಾದ ಹೆಂಗಸಿಗೆ ಎಂದೂ ಹಾಕಿರಲಿಲ್ಲ. ಉಸಿರು ನಿಂತರೆ? ನನ್ನ ಕೈಯಲ್ಲೇ ಹೋದರೆ? ಡಾಕ್ಟರ್ ಒಂದು ಮಾತು ಹೇಳಿದರೆ ಹೊಣೆ ಅವರದು. ಅದಕ್ಕೇ ಕಾದೆ. ಮೂವತ್ತಾರು ನಿಮಿಷ.

ನೆಟ್‌ವರ್ಕ್ ಇಲ್ಲದಿದ್ದುದಕ್ಕೆ ಸತ್ತಳು ಎಂದು ಊರೆಲ್ಲ ಹೇಳುತ್ತಿದೆ. ನನ್ನನ್ನು ಕಂಡರೆ ಪಾಪ ಎನ್ನುತ್ತಾರೆ. ಪಕ್ಕದ ಮನೆಯ ಜೈತುನಬೀ ರೊಟ್ಟಿ ಕಳಿಸಿದ್ದಳು. ತಿನ್ನಲಾಗಲಿಲ್ಲ.

೨೭ ಆಗಸ್ಟ್, ಶುಕ್ರವಾರ. ಮಧ್ಯಾಹ್ನ

ಅಂಬ್ರಪ್ಪ ಬಂದಿದ್ದಾನೆ. ಮಗುವಿನ ತೂಕ ಹೆಚ್ಚಿದೆ, ನಾಳೆ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರಂತೆ. ಲಸಿಕೆ ಯಾವಾಗ ಎಂದು ಕೇಳಲು ಬಂದವನು. ಹೇಳಿದೆ. ಏಳಲಿಲ್ಲ.

"ಅಕ್ಕೋರ, ಒಂದ್ ಕೇಳ್ತೀನಿ. ಫೋನ್ ಕಡೀಲಿಲ್ಲಂದ್ರ ಬದುಕತಿದ್ಳೇನ್ರಿ?"

ಹೌದು ಎಂದಿದ್ದರೆ ಎದ್ದು ಹೋಗುತ್ತಿದ್ದ. ಬಾಯಿಯ ತನಕ ಬಂದಿತ್ತು.

"ಫೋನಿಂದಲ್ಲ ಅಂಬ್ರಪ್ಪ. ಇಂಜೆಕ್ಷನ್ ಇಲ್ಲೇ ಇತ್ತು. ಹಾಕೋದು ನನಗ ಬರ್ತಿತ್ತು. ಹೆದರಿದ್ನಿ, ಹಾಕಲಿಲ್ಲ. ಹಾಕಿದ್ರ ಉಳೀತಿದ್ಳು ಅಂತ ಖಾತ್ರಿ ಹೇಳಾಕ ಆಗಂಗಿಲ್ಲ. ಆದ್ರ ಹಾಕಬೇಕಿತ್ತು."

ಬೈಯಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಎಂದ: "ಬರದು ಕೊಡ್ರಿ. ಈಗ ಹೇಳಿದ್ರಲ್ಲ, ಹಂಗ."

"ಯಾರಿಗೆ ಕೊಡ್ತಿ?"

"ಗೊತ್ತಿಲ್ರಿ. ಮಗಳು ದೊಡ್ಡಾಕಿ ಆದಮ್ಯಾಲ ಕೇಳ್ತಾಳ. ನನಗ ಓದಾಕ ಬರಂಗಿಲ್ಲ, ಆಕಿ ಓದ್ತಾಳ."

ಹೊರಗೆ ಕಟ್ಟೆಯ ಮೇಲೆ ಕೂತಿದ್ದಾನೆ. ಈ ಕಾಗದ ಅವನ ಕೈಗೆ ಕೊಟ್ಟರೆ ನನ್ನ ಕೆಲಸ ಉಳಿಯುವುದಿಲ್ಲ. ಮಲಕಮ್ಮ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕೈ ಮಾಡುತ್ತಿದ್ದಾಳೆ. ಮೊದಲು ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಬಿಳಿ ಹಾಳೆಗೆ —

ದೇವಕಮ್ಮ ಎಂಬ ನಾನು, ಆಗಸ್ಟ್ ೧೧ರ ಮಧ್ಯಾಹ್ನ ಸುಗಲಮ್ಮನಿಗೆ