ಇವತ್ತು ಹಾರಿಸಲಾರೆ ಎಂದವಳಿಗೆ ನೋಟಿಸು

ಪೈಲಟ್‌ಗಳಿಗೆ ವಿಮಾನ, ಊರು, ಡ್ಯೂಟಿ ಹಂಚುವ ಮಹಾಶಯರೇ,

ನಿದ್ದೆಗೆಟ್ಟು ವಿಮಾನ ಹಾರಿಸಲಾರೆ ಎಂದ ಹೊಸ ಪೈಲಟ್ ಒಬ್ಬಳಿಗೆ ನಿಮ್ಮ ಕಚೇರಿ 'ಕರ್ತವ್ಯಲೋಪ'ದ ನೋಟಿಸು ಕೊಟ್ಟಿದೆ. ಅವಳು ನನ್ನ ಮಗಳು ರಂಜಿತಾ. ನಾನು ಹಿರಿಯೂರಿನವನು, ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಆಕಾಶದ ವಿದ್ಯೆ ನನಗೆ ತಿಳಿಯದು. ಸ್ಟೀರಿಂಗ್ ಹಿಡಿದವನಿಗೆ ಕಣ್ಣು ಎಳೆಯುವುದೆಂದರೆ ಏನೆಂದು ತಿಳಿದಿದೆ. ನಿಮಗೆ ಅಷ್ಟೂ ತಿಳಿದಂತಿಲ್ಲ.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ದೊಡ್ಡ ಜೆಟ್ ವಿಮಾನ, ಬೆಂಗಳೂರಿನಲ್ಲಿ ವಾಸ ಎಂದಿರಿ. ಅದಕ್ಕೆಂದೇ ಅವಳು ತರಬೇತಿ ಮುಗಿಸಿದಳು. ಆಮೇಲೆ ಬಂದದ್ದು ಒಂದೇ ಸಾಲಿನ ಇಮೇಲ್: ರೆಕ್ಕೆಗೆ ಫ್ಯಾನು ಕಟ್ಟಿದ ಸಣ್ಣ ವಿಮಾನ, ಊರು ಗುವಾಹಟಿ. ಯಾಕೆಂದು ಕೇಳಿದರೆ 'ಕಾರ್ಯಾಚರಣೆಯ ಅಗತ್ಯ'. ನಿಮ್ಮ ಕಚೇರಿಗೆ ಯೋಚಿಸಲು ಬೇಸರವಾದಾಗಲೆಲ್ಲ ಈ ಎರಡು ಪದ ಹೊರಬೀಳುತ್ತವೆಂದು ಕಾಣುತ್ತದೆ. ಮಗಳು ಗೊಣಗಲಿಲ್ಲ. ಆ ವಿಮಾನ ಹಾರಿಸುವುದನ್ನೂ ಕಲಿತು, ಎರಡು ಸೂಟ್‌ಕೇಸ್ ಹಿಡಿದು ಹೋದಳು.

ಅಲ್ಲಿ ಆರು ದಿನಗಳಲ್ಲಿ ಅವಳ ಡ್ಯೂಟಿಯನ್ನು ಐದು ಸಲ ಬದಲಿಸಿದಿರಿ. ಒಂದು ದಿನ ಮಧ್ಯಾಹ್ನದ ವಿಮಾನ, ಮರುದಿನ ಬೆಳಗಿನ ಜಾವದ್ದು. ನಡುವಿನ ಹೊತ್ತೆಲ್ಲ ಯೂನಿಫಾರ್ಮ್ ತೊಟ್ಟು, ಕರೆ ಬರುತ್ತದೆಂದು ಫೋನಿನ ಮುಂದೆ ಕಾಯುವುದು. ಅದನ್ನು ಕಾಗದದಲ್ಲಿ 'ವಿಶ್ರಾಂತಿ' ಎಂದು ಬರೆದವರು ಯಾವ ಹಾಸಿಗೆಯಲ್ಲಿ ಮಲಗುತ್ತಾರೆ ಸ್ವಾಮಿ?

ಏಳನೆಯ ದಿನ ಬೆಳಿಗ್ಗೆ ವಿಮಾನದ ಮೆಟ್ಟಿಲ ಬಳಿ ಅವಳು, ಇವತ್ತು ನನ್ನಿಂದ ಹಾರಿಸಲಾಗದು ಎಂದು ಕ್ಯಾಪ್ಟನ್‌ಗೆ ಹೇಳಿದಳು. ಆ ಹಿರಿಯರು ಅವಳ ಮುಖ ನೋಡಿ, ಹೇಳಿದ್ದು ಒಳ್ಳೆಯದಾಯಿತು, ಹೋಗಿ ಮಲಗು ಎಂದರು. ಬೇರೆ ಪೈಲಟ್ ಬಂದರು. ವಿಮಾನ ಐವತ್ತು ನಿಮಿಷ ತಡವಾಯಿತು. ಜನ ಕ್ಷೇಮವಾಗಿ ಊರು ಸೇರಿದರು. ನೀವು ಅವಳನ್ನು ಕೆಲಸದಿಂದ ದೂರವಿಟ್ಟು, ತಪ್ಪೊಪ್ಪಿಗೆ ಬರೆದುಕೊಟ್ಟರೆ ಮತ್ತೆ ಸೇರಿಸುವೆವು ಎಂದಿರಿ.

ಮನೆಗೆ ಬಂದವಳು ಎರಡು ದಿನ ಮಲಗಿಯೇ ಇದ್ದಳು. ಬರೆದುಕೊಟ್ಟುಬಿಡು ಎಂದು ನನ್ನ ಹೆಂಡತಿ ಪಾಲಮ್ಮ ಬೇಡಿಕೊಂಡಳು. ನಾನೂ ಅದನ್ನೇ ಹೇಳಿದೆ. ರಂಜಿತಾ ಊಟದ ತಟ್ಟೆ ಪಕ್ಕಕ್ಕಿಟ್ಟಳು.

"ಅಪ್ಪ, ನನ್ನ ನಂಬ್ಕಂಡು ಎಪ್ಪತ್ತು ಜನ ಹತ್ತೋರಿದ್ರು. ಇವತ್ತು ತಪ್ಪಾಯ್ತು ಅಂತ ಬರೆದ್ರೆ ನಾಳೆ ನಿದ್ದೆಗಣ್ಣಲ್ಲೇ ಹಾರಿಸ್ಬೇಕಾಗ್ತೈತೆ. ನೀನಾಗಿದ್ರೆ ಬಸ್ ತೆಗೀತಿದ್ಯಾ?"

ತೆಗೆಯುತ್ತಿರಲಿಲ್ಲ, ಆ ಪಾಠ ಕಲಿತಿದ್ದೆ. ಒಮ್ಮೆ ಜ್ವರದಲ್ಲಿ ಹೊಳಲ್ಕೆರೆ ಬಸ್ಸು ಹತ್ತಿದ್ದ ನನ್ನ ಕೈಯಿಂದ ಡಿಪೋ ಮ್ಯಾನೇಜರ್ ರೇವಣಸಿದ್ದಪ್ಪನವರು ಬೀಗದ ಕೈ ಕಿತ್ತುಕೊಂಡಿದ್ದರು. "ಇಳೀರಿ ಬಾಲರಾಜು. ಬಸ್ಸು ನಿಂತ್ರೆ ನಿಲ್ಲಲಿ," ಎಂದಿದ್ದರು. ನಾಲ್ಕು ಮೇಜು, ಒಂದು ಹಳೇ ಫೋನು ಇದ್ದ ಕಚೇರಿಗೆ ಅರ್ಥವಾದದ್ದು ನಿಮ್ಮ ಗಾಜಿನ ಕಟ್ಟಡಕ್ಕೆ ಏಕೆ ಅರ್ಥವಾಗುವುದಿಲ್ಲ?

ಅವಳು ತಪ್ಪೊಪ್ಪಿಗೆ ಬರೆಯಲಿಲ್ಲ. ನಡೆದದ್ದನ್ನೆಲ್ಲ ದಿನ, ಗಂಟೆ ಸಹಿತ ಬರೆದು ವಿಮಾನ ಸುರಕ್ಷತೆಯ ಅಧಿಕಾರಿಗಳಿಗೆ ಕಳಿಸಿದಳು. ಆ ಕ್ಯಾಪ್ಟನ್ ಅದರ ಕೆಳಗೆ ತಾವೂ ಸಹಿ ಹಾಕಿದರು. ಈಗ ಇಬ್ಬರ ಕೆಲಸವೂ ತೂಗಾಡುತ್ತಿದೆ.

ನೋಟಿಸು ಹಿಂಪಡೆಯಿರಿ. ಅವಳನ್ನು ಮತ್ತೆ ವಿಮಾನ ಹತ್ತಿಸಿ. ಹೊಸಬರ ಡ್ಯೂಟಿ ಪಟ್ಟಿ ಹದಿನೈದು ದಿನ ಮೊದಲೇ ಕೊಡಿ. ಕೊಟ್ಟ ಮೇಲೆ ಅದರಲ್ಲಿ ಕೈಯಾಡಿಸಬೇಡಿ. ಇದಾಗದಿದ್ದರೆ, ನಿಮ್ಮ ಮಕ್ಕಳೊಡನೆ ವಿಮಾನ ಹತ್ತುವಾಗ ಮುಂದೆ ಕುಳಿತವರು ನಿನ್ನೆ ಮಲಗಿದ್ದರೇ ಎಂದು ಯಾರನ್ನೂ ಕೇಳಬೇಡಿ. ಆ ಪಟ್ಟಿ ಮಾಡಿದವರು ನೀವೇ.

ಇಂತಿ,
ಸುಳ್ಳು ಬರೆದುಕೊಡೆಂದು ಮಗಳಿಗೆ ಹೇಳಿ ತಲೆತಗ್ಗಿಸಿದ
ಬಾಲರಾಜು
ನಿವೃತ್ತ ಬಸ್ ಚಾಲಕ, ಹಿರಿಯೂರು